ಡಿಸೆಂಬರಿನ ಕತ್ತಲು, ಮೇ ತಿಂಗಳ ರಾತ್ರಿ

"ಊಟ ಆತೇನವ್ವಾ?" ಅಂದಳು ಅವ್ವ, ವಿಡಿಯೊ ಕಾಲ್‌ನಲ್ಲಿ ನನ್ನ ಹಿಂದಿನ ಕಿಟಕಿ ನೋಡುತ್ತಾ. ಕಿಟಕಿ ಕಪ್ಪಗಿತ್ತು. ಅವಳ ಹಿಂದಿನ ಕಿಟಕಿಯೂ ಕಪ್ಪಗಿತ್ತು. ರಾಯಚೂರಿನಲ್ಲಿ ಸಂಜೆ ಏಳೂವರೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರು ಗಂಟೆ. ನಾನು ಇನ್ನೂ ಮಧ್ಯಾಹ್ನದ ಚಹಾ ಕುಡಿದಿರಲಿಲ್ಲ. "ಇನ್ನಾ ಮಧ್ಯಾಹ್ನ ಅದವ್ವ" ಅಂದೆ. ಹತ್ತು ಚಳಿಗಾಲದಿಂದ ಇದನ್ನೇ ಹೇಳುತ್ತಿದ್ದೇನೆ. ಗಡಿಯಾರದ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು, ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಬೇಸಗೆಯಲ್ಲಿ ಮೂರೂವರೆ ತಾಸು ಕಳೆಯಬೇಕು ಅಂತ ಅವಳೇ ಮೊಮ್ಮಗಳಿಗೆ ಹೇಳಿಕೊಟ್ಟವಳು. ಆದರೆ ಕಿಟಕಿ ಕಪ್ಪಗೆ ಕಂಡರೆ ಅವಳ ಬಾಯಿಗೆ ಊಟದ ಮಾತೇ ಬರುತ್ತದೆ. ಕತ್ತಲಾಯಿತು ಅಂದರೆ ದಿನ ಮುಗಿಯಿತು, ಅಷ್ಟೇ. ಅವಳದೇನೂ ತಪ್ಪಿಲ್ಲ. ನನ್ನ ಮೈಯೂ ಹಾಗೇ ಅಂದುಕೊಳ್ಳುತ್ತದೆ.

ಈ ಸಲ ಆ ಮಾತು ಯಾಕೋ ಕಿವಿಯಲ್ಲೇ ಉಳಿಯಿತು. ಕಾರಣ ಇದೆ. ನಾವಿರುವ ಬಾಡಿಗೆ ಮನೆ ಬಿಡಬೇಕಾಗಿದೆ. ಇಲ್ಲೇ ಒಂದು ಮನೆ ಕೊಳ್ಳುವುದೋ, ಗಂಟುಮೂಟೆ ಕಟ್ಟುವುದೋ ಅಂತ ದೀಪಾವಳಿಯಿಂದ ಮನೆಯಲ್ಲಿ ಚರ್ಚೆ. ನಮ್ಮ ಮನೆಯವರು ಪುತ್ತೂರಿನವರು, ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡುವ ಜಾತಿ. ಸಂಬಳ, ಶಾಲೆ, ಆಸ್ಪತ್ರೆ, ಅಪ್ಪ ಅಮ್ಮಂದಿರು ಅಂತ ಸಾಲುಗಳು. ಕೊನೆಗೆ "ಹವೆ" ಅಂತ ಒಂದು ಸಾಲು. ಅದರಲ್ಲಿ ಹತ್ತಕ್ಕೆ ಅಂಕ ಕೊಟ್ಟಿದ್ದರು: ಸ್ಟಾಕ್‌ಹೋಮ್ 4, ರಾಯಚೂರು 3, ಬೆಂಗಳೂರು 8. ನಾನು ಕೇಳಿದೆ, "ಯಾವ ತಿಂಗಳ ಅಂಕ ಇದು?" ಅವರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಸಾಲು ಬಿಟ್ಟು ಬೇರೆ ಯಾವುದರ ಮೇಲೂ ಕಣ್ಣು ಹೋಗಲಿಲ್ಲ.

ಮೊದಲ ನವೆಂಬರ್

ನಾವು ಇಲ್ಲಿಗೆ ಬಂದದ್ದು 2015ರ ಆಗಸ್ಟ್‌ನಲ್ಲಿ. ಆಗ ರಾತ್ರಿ ಒಂಬತ್ತಕ್ಕೂ ಆಕಾಶದಲ್ಲಿ ಬೆಳಕಿರುತ್ತಿತ್ತು. ಆಹಾ, ಎಂಥ ಊರು ಅಂದುಕೊಂಡೆವು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದಲ್ಲ, ಅದರ ಮರುದಿನ ಆಫೀಸಿನಿಂದ ಹೊರಗೆ ಬಂದರೆ ನಡುರಾತ್ರಿಯಂಥ ಕತ್ತಲು. ಅಲ್ಲಿಂದ ಇಳಿಜಾರು. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಬೆಳಿಗ್ಗೆ 8.44ಕ್ಕೆ ಹುಟ್ಟಿ ಮಧ್ಯಾಹ್ನ 2.48ಕ್ಕೆ ಮುಳುಗುತ್ತಾನೆ. ಹುಟ್ಟಿದ ಅನ್ನುವುದೂ ಮರ್ಯಾದೆಯ ಮಾತು. ನಡು ಮಧ್ಯಾಹ್ನವೂ ಅವನು ದಿಗಂತದಿಂದ ಏಳು ಡಿಗ್ರಿ ಮೇಲಕ್ಕೆ ಬಂದರೆ ಹೆಚ್ಚು. ಎದುರಿನ ಅಪಾರ್ಟ್‌ಮೆಂಟಿನ ಹಿಂದೆಯೇ ಬಂದು ಹಿಂದೆಯೇ ಹೋಗುತ್ತಾನೆ. ರಾಯಚೂರಿನಲ್ಲಿ ಇದೇ ಮನುಷ್ಯ ಮೇ ಮೊದಲ ವಾರ ನೆತ್ತಿಯ ಮೇಲೆ ನೆಟ್ಟಗೆ ನಿಂತು, ನಮ್ಮ ನೆರಳನ್ನೂ ನಮ್ಮ ಕಾಲಡಿಗೇ ತಳ್ಳಿಬಿಡುತ್ತಾನೆ.

ಆ ಮೊದಲ ನವೆಂಬರ್‌ನಲ್ಲಿ ನನಗೇನಾಯಿತು ಅಂತ ಬಹಳ ದಿನ ಗೊತ್ತಾಗಲಿಲ್ಲ. ಹತ್ತು ತಾಸು ಮಲಗಿದರೂ ಏಳಲು ಆಗುತ್ತಿರಲಿಲ್ಲ. ಸಿಹಿ ಕಂಡರೆ ಸಾಕು, ಕೈ ಹೋಗುತ್ತಿತ್ತು. ಇಲ್ಲಿ ಡಿಸೆಂಬರ್‌ನಲ್ಲಿ ಸಿಗುವ ಕೇಸರಿ ಹಾಕಿದ ಬನ್‌ಗಳನ್ನು ಒಬ್ಬಳೇ ಅರ್ಧ ಡಜನ್ ತಿಂದು, ಬ್ಯಾಗ್‌ ತಳದಲ್ಲಿ ಕವರ್ ಅಡಗಿಸಿದ್ದೂ ಇದೆ. ಮಾತುಮಾತಿಗೆ ಜಗಳ. ಥೈರಾಯ್ಡ್ ಇರಬೇಕು ಅಂತ ನಾನೇ ತೀರ್ಮಾನ ಮಾಡಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದೆ. ಡಾಕ್ಟರಮ್ಮ ರಕ್ತ ತೆಗೆಸಿದರು. ಥೈರಾಯ್ಡ್ ಸರಿಯಾಗಿತ್ತು, ವಿಟಮಿನ್ ಡಿ ಪಾತಾಳದಲ್ಲಿತ್ತು. ಚಳಿಗಾಲದ ಈ ಓರೆ ಬಿಸಿಲಿನಿಂದ ಚರ್ಮಕ್ಕೆ ಅದನ್ನು ತಯಾರಿಸಲು ಆಗುವುದಿಲ್ಲ. ನಮ್ಮಂಥ ಕಪ್ಪು ಚರ್ಮಕ್ಕಂತೂ ಬಿಸಿಲು ಇನ್ನೂ ಜಾಸ್ತಿ ಬೇಕು. ಇಲ್ಲಿ ಹಾಲಿಗೇ ವಿಟಮಿನ್ ಡಿ ಸೇರಿಸಬೇಕೆಂದು ಕಾನೂನಿರುವುದು ಸುಮ್ನೆ ಅಲ್ಲ. ಮಾತ್ರೆ ಬರೆದುಕೊಟ್ಟ ಮೇಲೆ ಅವರು ಕೇಳಿದ ಒಂದೇ ಪ್ರಶ್ನೆ: "ಮಧ್ಯಾಹ್ನ ಹೊರಗೆ ಹೋಗ್ತೀರಾ?"

ಹೋಗುತ್ತಿರಲಿಲ್ಲ. ಬುತ್ತಿ ಬಿಚ್ಚಿ ಕಂಪ್ಯೂಟರ್ ಮುಂದೆಯೇ ಉಣ್ಣುತ್ತಿದ್ದೆ. ಆಫೀಸಿನಲ್ಲಿ ಇಷ್ಟೊಂದು ಟ್ಯೂಬ್‌ಲೈಟ್ ಇದೆಯಲ್ಲ ಅನ್ನುವುದು ನನ್ನ ವಾದ. ಆದರೆ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಆಫೀಸಿನ ಬೆಳಕು ಐನೂರು ಲಕ್ಸ್ ಆಸುಪಾಸು. ರಾಯಚೂರಿನ ಹೊರಗಿನ ಮಧ್ಯಾಹ್ನ ಒಂದು ಲಕ್ಷ ಲಕ್ಸ್. ಚಳಿಗಾಲದ ಈ ಖಿನ್ನತೆಗೆ 1984ರಲ್ಲಿ ನಾರ್ಮನ್ ರೋಸೆಂಥಾಲ್ ಅನ್ನುವ ವೈದ್ಯರು ಮತ್ತವರ ಜೊತೆಗಾರರು ಒಂದು ಹೆಸರು ಕೊಟ್ಟರು. ಅವರೂ ಸೆಕೆಯ ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಚಳಿಗೆ ಬಂದು, ತಮ್ಮ ಮೈಯಲ್ಲೇ ಇದನ್ನು ಕಂಡವರು ಅಂತ ಓದಿದಾಗ ನನಗೆ ಎಂಥದೋ ಸಮಾಧಾನ. ಈಗ ಇದಕ್ಕೆಂದೇ ಹತ್ತು ಸಾವಿರ ಲಕ್ಸ್‌ನ ದೀಪ ಸಿಗುತ್ತದೆ, ಬೆಳಿಗ್ಗೆ ಎದ್ದೊಡನೆ ಅರ್ಧ ತಾಸು ಎದುರಿಗೆ ಕೂರಬೇಕು. ಉತ್ತರದ ಉಮಿಯೊ ಊರಿನಲ್ಲಿ 2012ರಲ್ಲಿ ಬಸ್ ಸ್ಟಾಪ್‌ಗಳಲ್ಲೇ ಇಂಥ ದೀಪ ಹಾಕಿದ್ದರು. ಬಸ್ ಕಾಯುತ್ತಾ ಬೆಳಕು ಕಾಸಿಕೊಳ್ಳುವುದು! ನಾನೂ ಒಂದು ದೀಪ ತಂದೆ. ಅದರ ಮುಂದೆ ಕೂತು ಲಲಿತಾ ಸಹಸ್ರನಾಮ ಹಾಕಿಕೊಂಡರೆ ಮಗಳು "ಅಮ್ಮನ ಪೂಜೆ" ಅನ್ನುತ್ತಾಳೆ. ಆದರೆ ನಿಜವಾಗಿ ನನ್ನನ್ನು ಉಳಿಸಿದ್ದು ಮಧ್ಯಾಹ್ನದ ಇಪ್ಪತ್ತು ನಿಮಿಷದ ನಡಿಗೆ. ಮೋಡ ಮುಚ್ಚಿದ್ದರೂ ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಇನ್ನೊಂದು, ಇಲ್ಲಿನ ಜನ ಕತ್ತಲನ್ನು ನಡೆಸಿಕೊಳ್ಳುವ ರೀತಿ. ಪ್ರತಿ ಕಿಟಕಿಯಲ್ಲೂ ಒಂದು ಸಣ್ಣ ದೀಪ, ಪರದೆ ಎಳೆಯುವುದಿಲ್ಲ. ಒಳಗಿನವರಿಗೆಷ್ಟೋ ಬೀದಿಯವರಿಗೂ ಅಷ್ಟೇ ಬೆಳಕು. ನವೆಂಬರ್ ಮೊದಲಲ್ಲಿ ಸತ್ತವರ ನೆನಪಿಗೆ ಸ್ಮಶಾನದಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ. ಊರ ದಕ್ಷಿಣಕ್ಕೆ ಪೈನ್ ಮರಗಳ ಕೆಳಗೆ ದೊಡ್ಡ ಸ್ಮಶಾನ ಇದೆ, ಅದು ವಿಶ್ವ ಪರಂಪರೆಯ ತಾಣ. ಅಲ್ಲಿ ಕತ್ತಲಲ್ಲಿ ಸಾವಿರಾರು ಬತ್ತಿ ಉರಿಯುವುದನ್ನು ಮೊದಲ ಸಲ ನೋಡಿದಾಗ ಕಾರ್ತಿಕದ ದೀಪೋತ್ಸವ ನೆನಪಾಗಿ ಗಂಟಲು ಕಟ್ಟಿತು. ಅವ್ವನಿಗೆ ಫೋಟೊ ಕಳಿಸಿದೆ. "ಯಾವ ಗುಡೀದು?" ಅಂತ ಕೇಳಿದಳು. ಸ್ಮಶಾನ ಅಂತ ಹೇಳಲಿಲ್ಲ.

ಬೆಳಕಿಂಡಿ

ಬೇಸಗೆಯಲ್ಲಿ ನಾವು ಏನು ಮಾಡುತ್ತಿದ್ದೆವು ಅಂತ ಈಚೆಗೆ ಯೋಚಿಸುತ್ತಿದ್ದೆ. ಕತ್ತಲು ಮಾಡಿಕೊಂಡು ಕೂರುತ್ತಿದ್ದೆವು. ಮಾನ್ವಿ ಕಡೆಯ ಅಜ್ಜಿಯ ಮನೆ ಮಣ್ಣಿನ ಮಾಳಿಗೆಯದು. ಮೊಳ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಹತ್ತು ಗಂಟೆಗೆ ಬಾಗಿಲು ಮುಚ್ಚಿ, ಗೋಣಿತಟ್ಟನ್ನು ನೀರಲ್ಲಿ ಅದ್ದಿ ಇಳಿಬಿಟ್ಟರೆ ಸಂಜೆ ಐದರ ತನಕ ಯಾರೂ ಹೊರಗೆ ಇಣುಕುವಂತಿಲ್ಲ. ಒಳಗೆ ಗವ್ವೆನ್ನುವ ಕತ್ತಲು. ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಬೆಳಕಿಂಡಿ, ಅಷ್ಟೇ. ಅದರಿಂದ ಬಿದ್ದ ಬಿಸಿಲು ನೆಲದ ಮೇಲೆ ಬೆಳ್ಳಿ ರೂಪಾಯಿಯ ಹಾಗೆ ಕೂತಿರುತ್ತಿತ್ತು. ಅದರೊಳಗೆ ಧೂಳಿನ ಕಣಗಳು ಹಾರುವುದನ್ನು ನೋಡುತ್ತಾ ನಾವು ಮಕ್ಕಳು ತಂಪು ನೆಲದ ಮೇಲೆ ಮಗ್ಗಲು ಹೊರಳಿಸುತ್ತಾ ಬಿದ್ದಿರುತ್ತಿದ್ದೆವು. ರೂಪಾಯಿ ಮೆಲ್ಲಗೆ ನಡೆಯುತ್ತಿತ್ತು. ಬೀಸುಕಲ್ಲಿನ ಹತ್ತಿರ ಬಂದರೆ ಅಜ್ಜಿ ಮಜ್ಜಿಗೆ ಕಡೆಯಲು ಏಳುತ್ತಿದ್ದಳು. ಗೋಡೆ ಹತ್ತಲು ಶುರುಮಾಡಿದರೆ ನಮಗೆ ಬಿಡುಗಡೆ. ಅದೇ ನಮ್ಮ ಗಡಿಯಾರ.

ಆ ಕತ್ತಲಿಗೆ ನಾವು ಹೆದರಲಿಲ್ಲ. ಅದು ತಂಪು, ಅದು ನೆರಳು. ಕನ್ನಡದಲ್ಲಿ ಹರಸುವುದೇ ಹಾಗೆ ಅಲ್ವಾ, ನಿನ್ನ ಹೊಟ್ಟೆ ತಣ್ಣಗಿರಲಿ ಅಂತ. ಯಾರಾದರೂ ನಮಗೆ ಆಸರೆಯಾದರೆ ಅವರ ನೆರಳಲ್ಲಿ ಬೆಳೆದೆವು ಅನ್ನುತ್ತೇವೆ. ಇಲ್ಲಿ ಸ್ವೀಡನ್ನಿನಲ್ಲಿ ಮಾರ್ಚ್ ಬಂತೆಂದರೆ ಜನ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗಳಿಗೆ ಬೆನ್ನು ಆನಿಸಿ, ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೆ ಒಡ್ಡಿ ನಿಲ್ಲುತ್ತಾರೆ. ಹೊರಗೆ ಎರಡು ಡಿಗ್ರಿ ಚಳಿ. ಬಸ್ ಬಂದರೂ ಕಣ್ಣು ತೆರೆಯುವುದಿಲ್ಲ. ಮೊದಲ ಸಲ ನೋಡಿದಾಗ ನಗು ಬಂತು. ಮೂರನೇ ವರ್ಷ ನಾನೂ ಆ ಗೋಡೆಗೆ ಆನಿಸಿಕೊಂಡು ನಿಂತಿದ್ದೆ.

ರಾತ್ರಿ ಎಲ್ಲಿ ಮಲಗ್ತೀರಿ?

2024ರ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಮೇ ತಿಂಗಳಲ್ಲಿ ಯಾರಾದರೂ ರಾಯಚೂರಿಗೆ ಹೋಗುತ್ತಾರೇನು ಅಂತ ನಮ್ಮವರು ಕೇಳಿದರು. ತಮ್ಮನ ಮದುವೆ, ಮುಹೂರ್ತ ಇದ್ದದ್ದೇ ಆಗ. ರಾಯಚೂರಿನ ಬಿಸಿಲು ನನಗೇನು ಹೊಸದೇ ಅಂತ ಜಂಬದಿಂದಲೇ ಹೋದೆ. ಅಲ್ಲಿ ನಮ್ಮದು ಈಗ ಆರ್‌ಸಿಸಿ ಮನೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಪೂರ್ತಿ ಅದನ್ನು ಒಳಗೆ ಬಿಡುತ್ತದೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಎರಡರ ತನಕ ಎಳೆಯಿತು. ಆಮೇಲೆ ಫ್ಯಾನ್ ಇಲ್ಲ. ಕೂಲರ್ ಇಲ್ಲ. ನಲ್ಲಿ ತಿರುಗಿಸಿದರೆ ಸಿಂಟೆಕ್ಸ್‌ನಿಂದ ಬರುವ ನೀರು ಆಗಲೂ ಸ್ನಾನಕ್ಕೆ ಕಾಸಿದ ಹಾಗಿತ್ತು. ಅವ್ವ ಗಡಿಗೆ ನೀರನ್ನು ನೆಲದ ಮೇಲೆ ಚೆಲ್ಲಿ, ಸೀರೆ ಸೆರಗು ಹಾಸಿ, ಮೊಮ್ಮಗಳನ್ನು ಮಲಗಿಸಿದಳು. ಮಗು ಎದ್ದು ಕೂತು ಸ್ವೀಡಿಷ್‌ನಲ್ಲಿ ಅಳತೊಡಗಿತು. ಮಾಳಿಗೆ ಹತ್ತಿದೆವು. ಚಿಕ್ಕವಳಿದ್ದಾಗ ಇಡೀ ಓಣಿ ಮಾಳಿಗೆಯ ಮೇಲೇ ಮಲಗುತ್ತಿತ್ತು, ನಕ್ಷತ್ರ ಎಣಿಸುತ್ತಾ ಮೂರು ಮನೆಯಾಚೆಗಿನವರ ಜೊತೆ ಮಾತಾಡಬಹುದಿತ್ತು. ಈಗ ನಮ್ಮ ಹೊರತು ಯಾರೂ ಇರಲಿಲ್ಲ. ಪಕ್ಕದ ಮನೆಯ ಜನರೇಟರ್ ಗುಂಯ್‌ಗುಡುತ್ತಿತ್ತು, ಅವರ ಎಸಿಯ ಹೊರಗಿನ ಡಬ್ಬ ನಮ್ಮ ಕಡೆಗೇ ಬಿಸಿ ಉಸಿರು ಬಿಡುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಅವ್ವ ದೇವರ ಮುಂದಿನಿಂದ ಎದ್ದವಳು ಮತ್ತೆ ಹಾಗೇ ಕೂತಳು. ಏನೋ ಹೇಳಿದಳು, ಮಾತು ತೊದಲುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು, ಬೆವರು ಒಂದು ಹನಿ ಇಲ್ಲ. ಬೆವರು ನಿಂತರೆ ಕೆಟ್ಟದ್ದು ಅಂತ ಎಲ್ಲೋ ಓದಿದ್ದು ಆಗ ನೆನಪಾಯಿತು. ಒದ್ದೆ ಬೆಡ್‌ಶೀಟ್ ಸುತ್ತಿ, ಆಟೊದಲ್ಲಿ ಕೂಡಿಸಿಕೊಂಡು, ದಾರಿಯುದ್ದಕ್ಕೂ ಕತ್ತಿನ ಮೇಲೆ ನೀರು ಹಾಕುತ್ತಾ ಆಸ್ಪತ್ರೆಗೆ ಒಯ್ದೆವು. ಸಲೈನ್ ಏರಿಸಿ, ಎರಡು ತಾಸಾದ ಮೇಲೆ ಅವ್ವ ಕಣ್ಣು ಬಿಟ್ಟು "ಬೀಗರಿಗೆ ಊಟಕ್ಕ ಹೇಳೀರೇನು?" ಅಂದಳು. ನಾನು ಅಳುತ್ತಾ ನಕ್ಕೆ. ಡಾಕ್ಟರು ಅವಳಿಗೆ ಕೇಳಿದರು: "ಅಮ್ಮಾರ, ರಾತ್ರಿ ಎಲ್ಲಿ ಮಲಗ್ತೀರಿ?" ಹಗಲಿನ ಬಿಸಿಲನ್ನು ಮೈ ಹೇಗೋ ತಡೆಯುತ್ತದೆ, ಆದರೆ ರಾತ್ರಿಯೂ ತಣ್ಣಗಾಗಲು ಬಿಡದಿದ್ದರೆ ಮರುದಿನಕ್ಕೆ ಶಕ್ತಿ ಉಳಿಯುವುದಿಲ್ಲ ಅಂತ ಹೇಳಿದರು. 2015ರ ಮೇ ತಿಂಗಳಲ್ಲಿ ಪಕ್ಕದ ತೆಲಂಗಾಣ, ಆಂಧ್ರದಲ್ಲಿ ಬಿಸಿಗಾಳಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ನಾನು ವೀಸಾ ಕಾಗದಗಳ ಗಡಿಬಿಡಿಯಲ್ಲಿ ಆ ಸುದ್ದಿಯನ್ನು ಸರಸರನೆ ದಾಟಿ ಹೋಗಿದ್ದೆ.

ಒಬ್ಬ ಡಾಕ್ಟರು ಮಧ್ಯಾಹ್ನದ ಬಗ್ಗೆ ಕೇಳಿದರು, ಇನ್ನೊಬ್ಬರು ರಾತ್ರಿಯ ಬಗ್ಗೆ. ಎಕ್ಸೆಲ್‌ನ ಆ ಒಂದು ಸಾಲಿನಲ್ಲಿ ಇವೆರಡನ್ನೂ ಹೇಗೆ ತುಂಬುವುದು? ನನಗೆ ಕತ್ತಲಾದಾಗ ಆದದ್ದು ಬೇಜಾರು. ಮಾತ್ರೆ, ದೀಪ, ನಡಿಗೆ ಅಂತ ಅದಕ್ಕೆ ದಾರಿಗಳಿದ್ದವು. ಅವ್ವನಿಗೆ ಆದದ್ದರಲ್ಲಿ ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ. ಕತ್ತಲಿನಿಂದ ಯಾರೂ ಸಾಯುವುದಿಲ್ಲ ಅಂತ ಮಾತ್ರ ಹೇಳಲಾರೆ. ನನ್ನ ಪರಿಚಯದವರಲ್ಲೇ ಒಬ್ಬರು ಜನವರಿಯಲ್ಲಿ ಹಾಸಿಗೆ ಬಿಟ್ಟು ಏಳಲಾಗದೆ ಕೆಲಸ ಬಿಟ್ಟು ಊರಿಗೆ ಹೋದರು. ಆದರೂ ಕತ್ತಲಿಗೆ ಒಂದು ನೇಮ ಇದೆ. ಭೂಮಿ 23.4 ಡಿಗ್ರಿ ವಾಲಿರುವ ತನಕ ಅದು ಪಂಚಾಂಗದಲ್ಲಿ ಬರೆದ ದಿನ ಬಂದು ಬರೆದ ದಿನವೇ ಹೋಗುತ್ತದೆ. ಮಾರ್ಚ್‌ನಲ್ಲಿ ದಿನಕ್ಕೆ ಐದು ನಿಮಿಷಕ್ಕೂ ಜಾಸ್ತಿ ಹಗಲು ಉದ್ದವಾಗುತ್ತದೆ, ಇದನ್ನು ಬರೆದಿಟ್ಟುಕೊಳ್ಳಬಹುದು. ರಾಯಚೂರಿನ ಬಿಸಿಲಿಗೂ ಹಿಂದೆ ಒಂದು ನೇಮ ಇತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ, ಅಷ್ಟರಮಟ್ಟಿಗೆ ಊರು ಅದಕ್ಕೆ ಹೊಂದಿಕೊಂಡಿತ್ತು. ನಾನು ಜಂಬದಿಂದ ಹೋದದ್ದು ಆ ಹಳೆಯ ಬಿಸಿಲನ್ನು ನಂಬಿ. ಮನೆ ಬದಲಾಗಿದೆ, ಓಣಿ ಬದಲಾಗಿದೆ, ಬಿಸಿಲೂ ಅಲ್ಲೇ ನಿಂತಿಲ್ಲ. ಎಲ್ಲಿಗೆ ಹೋಗಿ ನಿಲ್ಲುತ್ತದೋ ಅನ್ನುವುದು ಯಾವ ಪಂಚಾಂಗದಲ್ಲೂ ಇಲ್ಲ.

ಹಾಗಾದರೆ ಬೆಂಗಳೂರು? ಎಲ್ಲರೂ ಹೇಳುವುದು ಅದನ್ನೇ, ಅಲ್ಲಿ ಕತ್ತಲೂ ಇಲ್ಲ, ಸೆಕೆಯೂ ಇಲ್ಲ ಅಂತ. ನಮ್ಮವರ ಆ 8 ಅಂಕ ಅವರು ಇಂಜಿನಿಯರಿಂಗ್ ಓದಿದ ಕಾಲದ್ದು, ರಾತ್ರಿ ಸ್ವೆಟರ್ ಹಾಕುತ್ತಿದ್ದ ಕಾಲದ್ದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್‌ನಲ್ಲಿ 38 ದಾಟಿತು, ಅದೇ ಬೇಸಗೆಯಲ್ಲಿ ನೀರಿನ ಟ್ಯಾಂಕರಿಗೆ ಜನ ಕಾದು ಕೂತರು. ಅವರ ಪುತ್ತೂರಿನ ಸೆಕೆಯೇ ಬೇರೆ, ಅಂಟಂಟು. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದೆಲ್ಲಿ? "ನಮ್ಮಲ್ಲಿ ನಿಮ್ಮ ಕೂಲರ್ ಇಟ್ರೆ ಮನೆಯೊಳಗೆ ಇನ್ನೊಂದು ಮಳೆಗಾಲ" ಅಂತ ಅವರು ನಗುತ್ತಾರೆ. ಹಾಗಾಗಿ ಪುತ್ತೂರಿಗೆ ಅವರು ಅಂಕವನ್ನೇ ಕೊಟ್ಟಿಲ್ಲ. ಪಕ್ಷಪಾತ ಆಗುತ್ತದೆ ಅಂತೆ.

ಹಿಮ ಬೀಳದ ಡಿಸೆಂಬರ್

ಒಂದು ಕಡೆ ಕತ್ತಲು, ಒಂದು ಕಡೆ ಬಿಸಿಲು ಅಂತ ಬೇರೆ ಬೇರೆ ಇಟ್ಟು ತೂಗುವುದರಲ್ಲೇ ಏನೋ ತಪ್ಪಿದೆ ಅಂತ ನನಗೆ ಅನ್ನಿಸಿದ್ದು ಇಲ್ಲಿನ ನೆರೆಮನೆಯ ಅಜ್ಜಿಯಿಂದ. ಎಂಬತ್ತು ದಾಟಿದವರು. ಡಿಸೆಂಬರ್‌ನಲ್ಲಿ ಲಿಫ್ಟ್ ಹತ್ತಿರ ಸಿಕ್ಕಾಗ ಹೇಳಿದರು, "ನಾನು ಚಿಕ್ಕವಳಿದ್ದಾಗ ಚಳಿಗಾಲ ಇಷ್ಟು ಕತ್ತಲಿರಲಿಲ್ಲ." ವಯಸ್ಸಾದವರ ಮಾತು ಅಂದುಕೊಂಡೆ. ಸೂರ್ಯ ಆಗಲೂ 2.48ಕ್ಕೇ ಮುಳುಗುತ್ತಿದ್ದನಲ್ಲ. ಅವರು ಕಿಟಕಿಯಿಂದ ಹೊರಗೆ ತೋರಿಸಿದರು. ಅಂಗಳವೆಲ್ಲ ಒದ್ದೆ ಕಪ್ಪು ಡಾಂಬರು, ಕೊಳೆತ ಎಲೆ. ಹಿಮ ಬಿದ್ದಿದ್ದರೆ ಬೀದಿ ದೀಪದ ಬೆಳಕು, ಕಿಟಕಿಯ ಬೆಳಕು, ಚಂದ್ರನ ಬೆಳಕು ಎಲ್ಲ ಅದರ ಮೇಲೆ ಬಿದ್ದು ಎರಡರಷ್ಟಾಗುತ್ತದೆ. ಹಿಮ ಇಲ್ಲದಿದ್ದರೆ ನೆಲ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ಚಳಿಗಾಲ ಬೆಚ್ಚಗಾದಷ್ಟೂ ಇಲ್ಲಿ ಹಿಮದ ಬದಲು ಮಳೆ ಬರುತ್ತದೆ. ಬೆಚ್ಚಗಾದಷ್ಟೂ ಕತ್ತಲು. ಸೆಕೆಯನ್ನು ಊರಲ್ಲಿ ಬಿಟ್ಟು ಬಂದಿದ್ದೇನೆ ಅಂದುಕೊಂಡಿದ್ದೆ, ಅದು ಇಲ್ಲಿ ಕತ್ತಲಿನ ವೇಷ ಹಾಕಿಕೊಂಡು ಬಂದಿತ್ತು.

ಬೇಸಗೆಯಲ್ಲಂತೂ ವೇಷವೂ ಬೇಕಿಲ್ಲ. 2018ರ ಜುಲೈ ಸ್ಟಾಕ್‌ಹೋಮ್‌ಗೆ ಇನ್ನೂರ ಅರವತ್ತು ವರ್ಷಗಳ ದಾಖಲೆಯಲ್ಲೇ ಅತಿ ಬಿಸಿಯ ಜುಲೈ. ಕಾಡುಗಳು ಹೊತ್ತಿ ಉರಿದವು, ಇಟಲಿಯಿಂದ ವಿಮಾನ, ಪೋಲೆಂಡಿನಿಂದ ಅಗ್ನಿಶಾಮಕ ಗಾಡಿಗಳ ಸಾಲು ಬಂತು. ಕೆಬ್ನೆಕೈಸೆ ಬೆಟ್ಟದ ಹಿಮದ ತಲೆ ಕರಗಿ, ಮರುವರ್ಷದ ಹೊತ್ತಿಗೆ ದೇಶದ ಅತಿ ಎತ್ತರದ ಶಿಖರ ಅನ್ನುವ ಪಟ್ಟವನ್ನೇ ಪಕ್ಕದ ಕಲ್ಲಿನ ಶಿಖರಕ್ಕೆ ಬಿಟ್ಟುಕೊಟ್ಟಿತು. ನಮ್ಮ ಮನೆಯಲ್ಲಿ ಮೂರು ಪದರದ ಗಾಜಿನ ಕಿಟಕಿ, ಫ್ಯಾನಿಗೆ ಕೊಕ್ಕೆಯೂ ಇಲ್ಲ. ಅಂಗಡಿಗಳಲ್ಲಿ ಟೇಬಲ್ ಫ್ಯಾನ್ ಖಾಲಿ. ನಾನು ಬೆಡ್‌ಶೀಟ್ ಒದ್ದೆ ಮಾಡಿ ಕಿಟಕಿಗೆ ಕಟ್ಟಿದೆ. ಮೇಲಿನ ಮನೆಯವರು ಬಂದು ಇದೇನು ಅಂತ ಕೇಳಿ, ಅವರೂ ಕಟ್ಟಿದರು.

ಅವ್ವನನ್ನೇ ಇಲ್ಲಿಗೆ ಕರೆಸಿಕೊಂಡರೆ ಹೇಗೆ? 2022ರ ಜೂನ್‌ನಲ್ಲಿ ಬಂದಿದ್ದಳು. ಹತ್ತು ಗಂಟೆಯಾದರೂ ಸೂರ್ಯ ಮುಳುಗದ ತಿಂಗಳು. ಮೊದಲ ದಿನ ಕೈಕಾಲು ತೊಳೆದು, ಎಣ್ಣೆ ಬತ್ತಿ ತಯಾರು ಮಾಡಿಕೊಂಡು ದೇವರ ಮುಂದೆ ಕೂತಳು. ಕೂತೇ ಇದ್ದಳು. "ಹೊತ್ತೇ ಮುಳುಗವಲ್ದಲ್ಲವ್ವಾ, ದೀಪ ಯಾವಾಗ ಹಚ್ಚಲಿ?" ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಕೈಗಡಿಯಾರವನ್ನು ರಾಯಚೂರಿನ ಟೈಮಿಗೇ ಬಿಟ್ಟು, ಅಲ್ಲಿ ಆರೂವರೆ ಆದಾಗ, ಅಂದರೆ ಇಲ್ಲಿ ಮಧ್ಯಾಹ್ನ ಮೂರಕ್ಕೆ, ಸುಡು ಬೆಳಕಿನಲ್ಲಿ ದೀಪ ಹಚ್ಚತೊಡಗಿದಳು. ಎರಡು ತಿಂಗಳು ಹಾಗೇ ನಡೆಯಿತು.

ಕೊನೆಗೆ ನಾವು ಮನೆ ಕೊಳ್ಳಲಿಲ್ಲ, ಗಂಟುಮೂಟೆಯನ್ನೂ ಕಟ್ಟಲಿಲ್ಲ. ಇನ್ನೊಂದು ಬಾಡಿಗೆ ಮನೆ ಹಿಡಿದೆವು, ಮಗಳ ಆರನೇ ಕ್ಲಾಸು ಮುಗಿಯುವ ತನಕ. ಡಿಸೆಂಬರ್ ರಜೆಗೆ ನಾವು ರಾಯಚೂರಿಗೆ, ಏಪ್ರಿಲ್ ಮೇಯಲ್ಲಿ ಅವ್ವ ಇಲ್ಲಿಗೆ ಅಂತ ನನ್ನ ಯೋಜನೆ. ಟಿಕೆಟ್ ಖರ್ಚು ನೋಡಿ ನಮ್ಮವರ ಎಕ್ಸೆಲ್ ಕೆಂಪಗಾಯಿತು. ಅವ್ವ ಒಪ್ಪಬೇಕಲ್ಲ. "ಬ್ಯಾಸಗಿ ಬಿಸಿಲಾಗ ಹಪ್ಪಳ, ಸಂಡಿಗಿ ಒಣಗಬೇಕು. ಮಾವಿನಕಾಯಿ ಉಪ್ಪಿನಕಾಯಿ ಯಾರು ಹಾಕ್ತಾರ?" ಅನ್ನುತ್ತಾಳೆ. ಬಿಸಿಲಿಗೆ ಆಸ್ಪತ್ರೆ ಸೇರಿದವಳು ಅದೇ ಬಿಸಿಲನ್ನು ಸಂಡಿಗೆಗೆ ಕೂಲಿಗೆ ಇಟ್ಟುಕೊಂಡವಳ ಹಾಗೆ ಮಾತಾಡುತ್ತಾಳೆ.

ನನ್ನ ಒಂದು ಮಾತನ್ನು ಮಾತ್ರ ಕೇಳಿ ನಡೆಸಿದಳು. ಫೆಬ್ರವರಿ ಕೊನೆಗೆ ಮಾಳಿಗೆಗೆಲ್ಲ ಸುಣ್ಣ ಬಳಿಸಿದಳು, ಫೆವಿಕಾಲ್ ಬೆರೆಸಿ, ಎರಡು ಕೈ. ಬಿಳಿ ಮಾಳಿಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬು ಅಷ್ಟು ಕಾಯುವುದಿಲ್ಲ. ತೆಲಂಗಾಣದಲ್ಲಿ ಇದಕ್ಕೆಂದೇ 2023ರಲ್ಲಿ ಸರ್ಕಾರದ ನೀತಿಯೇ ಬಂದಿದೆ. ಶನಿವಾರ ವಿಡಿಯೊ ಕಾಲ್ ಮಾಡಿ ಮಾಳಿಗೆ ಹತ್ತಿ ತೋರಿಸಿದಳು. ಅಲ್ಲಿ ಹೊತ್ತು ಮುಳುಗುತ್ತಿತ್ತು. ಇಲ್ಲಿ ಮಧ್ಯಾಹ್ನ ಎರಡು, ನನ್ನ ಹಿಂದಿನ ಕಿಟಕಿಯಲ್ಲಿ ಬೆಳಕಿತ್ತು. ಎರಡು ದಿನದ ಹಿಂದೆ, ಅಂತೂ ಇಂತೂ, ಒಂದು ಗೇಣು ಹಿಮ ಬಿದ್ದಿತ್ತು. ಅವ್ವ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಅಲ್ಲೂ ಬಳಿಸೀಯೇನು?"